ಚಕ್ಕುಲಿ ಬಿಲ್ಲೆಯಲ್ಲಿ ಸಿಕ್ಕ ನಕ್ಷತ್ರ

ನಾನು ಬಟ್ಟೆ ಮೇಲೆ ಅಚ್ಚು ಒತ್ತುವವರಿಗೆ ಡಿಸೈನ್ ಬರೆದುಕೊಡುತ್ತೇನೆ. ಹಾಸಿಗೆ ಹೊದಿಕೆ, ದಿಂಬಿನ ಕವರ್, ದುಪಟ್ಟಾ, ಹೀಗೆ. ಮರದ ಅಚ್ಚು, ಕೈಯಲ್ಲೇ ಒತ್ತುವುದು. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ಇಷ್ಟೊಂದು ಆಕಾರ ಎಲ್ಲಿಂದ ಸಿಗುತ್ತೆ ನಿಮಗೆ? ಮನೆ, ಬೀದಿ, ಅಡುಗೆಮನೆ, ದೇವಸ್ಥಾನ ಅಂತ ಹೇಳಿದರೆ ಅದು ಉತ್ತರವೇ ಅಲ್ಲ, ಅವೆಲ್ಲ ಎಲ್ಲರ ಕಣ್ಣೆದುರಿಗೇ ಇವೆ. ಅದಕ್ಕೇ ನಾನು ಹೇಗೆ ಕಲಿತೆ ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲ ಎರಡು ವರ್ಷ ನಾನು ಫೋಟೋ ತೆಗೆಯುತ್ತಿದ್ದೆ. ಎಲ್ಲಿ ಹೋದರೂ ಫೋಟೋ. ಬಾಗಿಲು, ಕಂಬ, ಸೀರೆ ಅಂಚು, ನೆಲದ ಟೈಲ್ಸ್. ಫೋನ್ ತುಂಬಿಹೋಗುತ್ತಿತ್ತು. ಆದರೆ ಕೆಲಸಕ್ಕೆ ಕೂತಾಗ ಒಂದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗಲೇ ಒಂದು ಅಂಗಡಿಯವರು ಹೊಯ್ಸಳ ಶೈಲಿಯ ದಿಂಬಿನ ಕವರ್ ಬೇಕು ಅಂದರು. ನಾನು ದೇವಸ್ಥಾನದ ಗೋಡೆಯ ಒಂದು ಬಳ್ಳಿಯ ಫೋಟೋ ತೆಗೆದುಕೊಂಡು, ಅದರ ಮೇಲೆ ಗೆರೆ ಎಳೆದು, ಚಿಕ್ಕದು ಮಾಡಿ ಕೊಟ್ಟೆ. ಅವರು ಸುಮ್ನೆ ಒಂದು ನಿಮಿಷ ನೋಡಿ, "ಮದುವೆ ಕಾರ್ಡ್ ಥರ ಇದೆ, ಅಲ್ವಾ?" ಅಂದರು. ತುಂಬಾ ನೋವಾಯಿತು. ಆದರೆ ಮಾತು ನಿಜ. ಬಳ್ಳಿಯ ಹೊರಗೆರೆಯೇನೋ ಬಂದಿತ್ತು, ಕಲ್ಲಲ್ಲಿ ಅದಕ್ಕಿದ್ದ ಜೀವ ಬಂದಿರಲಿಲ್ಲ. ಅದು ಯಾಕೆ ಅಂತ ನನಗೆ ತುಂಬಾ ದಿನ ತಿಳಿಯಲಿಲ್ಲ.

ದಾರಿ ಸಿಕ್ಕಿದ್ದು ಅಮ್ಮನ ರಂಗೋಲಿಯಿಂದ. ಧನುರ್ಮಾಸದ ಒಂದು ಬೆಳಿಗ್ಗೆ ಬಾಗಿಲಲ್ಲಿ ಅಮ್ಮ ಹಾಕಿದ್ದ ರಂಗೋಲಿಯನ್ನು ನೋಡಿಕೊಂಡು ಬರೆಯುತ್ತಿದ್ದೆ. ಎಷ್ಟು ಸಲ ಬರೆದರೂ ಒಂದು ಕಡೆ ಸೊಟ್ಟ. ಅಮ್ಮ ಬಗ್ಗಿ ನೋಡಿ, "ಗೆರೆಯಿಂದ ಶುರು ಮಾಡಿದ್ರೆ ಹೇಗೆ ಬರತ್ತೆ? ಎಷ್ಟು ಚುಕ್ಕಿ ಹೇಳು ನೋಡೋಣ" ಅಂದಳು. ನಾನು ಚುಕ್ಕಿ ಎಣಿಸಿಯೇ ಇರಲಿಲ್ಲ. ಅದು 7ರಿಂದ 4, ಸಂದು ಚುಕ್ಕಿ. ಅಂದರೆ ನಡುವಿನ ಸಾಲಿನಲ್ಲಿ 7, ಮೇಲಕ್ಕೂ ಕೆಳಕ್ಕೂ 6, 5, 4 ಅಂತ ಇಳಿಯುತ್ತಾ, ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಚುಕ್ಕಿ. ಒಟ್ಟು 37. ಹೊರಗಿನ ಆಕಾರ ತಾನೇ ಆರು ಮೂಲೆಯಾಗುತ್ತದೆ, ಯಾರೂ ಅದನ್ನು ಅಳೆದು ಬರೆಯಬೇಕಿಲ್ಲ. ಅದೇ 7ನ್ನು ನೇರ ಚುಕ್ಕಿಯಾಗಿಟ್ಟು, ಅಂದರೆ ಚುಕ್ಕಿಯ ನೇರಕ್ಕೇ ಚುಕ್ಕಿ ಬರುವ ಹಾಗೆ, 5, 3, 1ಕ್ಕೆ ಇಳಿಸಿದರೆ 25 ಚುಕ್ಕಿ, ಮೂಲೆ ಮೇಲೆ ನಿಂತ ಚೌಕ. ಒಂದರಲ್ಲಿ ಹೂವಿಗೆ ಆರು ದಳ ಸಲೀಸು, ಇನ್ನೊಂದರಲ್ಲಿ ನಾಲ್ಕು ದಳ ಸಲೀಸು. ಗೆರೆ ಎಳೆಯುವ ಮೊದಲೇ ಅದು ಚುಕ್ಕಿಯಲ್ಲಿ ತೀರ್ಮಾನ ಆಗಿರುತ್ತದೆ.

ಅವತ್ತಿನಿಂದ ಫೋಟೋ ಕಡಿಮೆ ಮಾಡಿದೆ. ಶಾಲೆ ಮಕ್ಕಳು ಲೆಕ್ಕಕ್ಕೆ ತೆಗೆದುಕೊಳ್ಳುವ ಚೌಕುಳಿ ನೋಟ್‌ಬುಕ್ ಒಂದು, ಒಂದು ಪೆನ್ಸಿಲ್. ದಿನಕ್ಕೆ ಒಂದೇ ಆಕಾರ. ಆಕಾರದ ಪಕ್ಕದಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯಲೇಬೇಕು: ಇದನ್ನು ಮಾಡಿದವರ ಕೈ ಮೊದಲು ಏನು ಮಾಡಿತು? ಉತ್ತರ ಗೊತ್ತಾಗದಿದ್ದರೆ ಆ ಪುಟ ಮುಗಿದಿಲ್ಲ ಅಂತಲೇ ಲೆಕ್ಕ.

ನಮ್ಮ ಮೈಸೂರಿನ ಹಳೇ ಬಡಾವಣೆಗಳಲ್ಲಿ, ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ, ಕಿಟಕಿ ಗ್ರಿಲ್‌ಗಳನ್ನು ನೋಡುತ್ತಾ ನಡೆಯುವುದು ನನಗೆ ಇವತ್ತಿಗೂ ದೊಡ್ಡ ಸಂತೋಷ. ಹುಟ್ಟುವ ಸೂರ್ಯ, ಬೀಸಣಿಗೆ, ಒಂದರೊಳಗೊಂದು ಸುರುಳಿ. ಇವುಗಳನ್ನು ಬರೆದು ಬರೆದು ಕೊನೆಗೆ ಒಂದು ವೆಲ್ಡಿಂಗ್ ಅಂಗಡಿಗೇ ಹೋಗಿ ಕೂತೆ. ಅಲ್ಲಿನವರು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಯ ಕಿಟಕಿಯನ್ನೇ ಬರೆಯುತ್ತಿದ್ದರು. ಆಮೇಲೆ ಕಬ್ಬಿಣದ ಪಟ್ಟಿಯ ತುದಿಯನ್ನು ಒಂದು ದಪ್ಪ ಪೈಪಿನ ತುಂಡಿಗೆ ಸಿಕ್ಕಿಸಿ ಸುತ್ತುವುದು. ಪೈಪ್ ಎಷ್ಟು ದಪ್ಪವೋ ಸುರುಳಿಯ ಕಣ್ಣು ಅಷ್ಟು ದೊಡ್ಡದು. "ಅಣ್ಣ, ಈ ಸುರುಳಿಗಳ ನಡುವೆ ಎಲ್ಲ ಕಡೆ ಒಂದೇ ಅಂತರ ಯಾಕೆ?" ಅಂತ ಕೇಳಿದೆ. "ಚಿಕ್ ಮಕ್ಳು ತಲೆ ತೂರಿಸ್ಬಾರ್ದಲ್ಲ ಮೇಡಂ, ನಾಲ್ಕಿಂಚಿಗಿಂತ ಜಾಸ್ತಿ ಸಂದು ಬಿಡಲ್ಲ ನಾವು" ಅಂದರು. ನಾನು ಅಂದವೆಂದು ಎಣಿಸಿದ್ದ ಲಯ ಒಂದು ಮಗುವಿನ ತಲೆಯ ಅಳತೆಯಿಂದ ಬಂದಿತ್ತು. ಆ ಮಾತು ಕೇಳಿದ ಮೇಲೆ ಕಿಟಕಿಗಳನ್ನು ನಾನು ನೋಡುವ ರೀತಿಯೇ ಬದಲಾಯಿತು.

ಕಸೂತಿ ಕಲಿಸಿದ್ದು ನನ್ನ ಅತ್ತೆ, ಧಾರವಾಡದ ಕಡೆಯವರು. ಇಳಕಲ್ ಸೀರೆ ಮೇಲೆ ಹಾಕುವ ಕಸೂತಿಗೆ ಪೆನ್ಸಿಲ್ಲಿನ ಗುರುತು ಇಲ್ಲ, ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆಗುಂಪು ಬಿಟ್ಟು ಒಂದನ್ನು ಹೊಲಿಯುತ್ತಾ ಮುಂದೆ ಹೋಗಿ, ವಾಪಸ್ ಬರುವಾಗ ಬಿಟ್ಟಿದ್ದನ್ನು ತುಂಬುತ್ತದೆ. "ಹೋಗೂಮುಂದ ಅರ್ಧ, ಬರೂಮುಂದ ಅರ್ಧ ನೋಡವಾ" ಅಂತಾರೆ ಅತ್ತೆ. ಅದಕ್ಕೇ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. ದಾರಿ ಎಲ್ಲೂ ಕಡಿಯದೆ ಹೊರಟ ಜಾಗಕ್ಕೇ ಮರಳಬೇಕು. ಹಾಗಾಗಿ ಅಲ್ಲಿನ ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. ದುಂಡು ಬೇಕೆಂದರೂ ಬರುವುದಿಲ್ಲ. ಚನ್ನಪಟ್ಟಣದ ಗೊಂಬೆಗಳಲ್ಲಿ ಇದಕ್ಕೆ ತಿರುಗುಮುರುಗು: ಆಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಲೇ ಉಳಿಯ ಬಾಯಿಗೆ ಸಿಕ್ಕುತ್ತದೆ, ಅರಗಿನ ಬಣ್ಣವೂ ತಿರುಗುವಾಗಲೇ ಹತ್ತುತ್ತದೆ, ಅದಕ್ಕೆ ಅಲ್ಲಿ ರಾಜನೂ ದುಂಡು, ಕುದುರೆಯ ಕಾಲೂ ದುಂಡು.

ಇನ್ನು ಸೋಮನಾಥಪುರ. ಮೈಸೂರಿನಿಂದ ಸುಮಾರು 35 ಕಿ.ಮೀ. ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಹೊಯ್ಸಳರ ಮೂರನೇ ನರಸಿಂಹನ ಕಾಲದಲ್ಲಿ, 13ನೇ ಶತಮಾನದಲ್ಲಿ, ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಸ್ಥಾನ. ಬೇಲೂರು, ಹಳೇಬೀಡಿನ ಜೊತೆ ಇದನ್ನೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ ಮೇಲೆ ಜನ ಜಾಸ್ತಿಯಾಗಿದ್ದಾರೆ. ಎಲ್ಲರ ಹಾಗೆ ನಾನೂ ಮೊದಲು ಶಿಲ್ಪಗಳನ್ನೇ ನೋಡುತ್ತಿದ್ದೆ. ಆ ಬಳ್ಳಿಯ ಸೋಲಿನ ನಂತರ ಒಮ್ಮೆ ಬೆಳಿಗ್ಗೆ ಬೇಗ ಹೋಗಿ, ಈ ಸಲ ಒಂದು ವಿಗ್ರಹವನ್ನೂ ನೋಡಬಾರದು, ಬರೀ ಮೂಲೆಗಳನ್ನು ನೋಡಬೇಕು ಅಂತ ತೀರ್ಮಾನಿಸಿ ಜಗತಿಯ ಮೇಲೆ, ಅಂದರೆ ದೇವಸ್ಥಾನ ನಿಂತಿರುವ ಎತ್ತರದ ಕಟ್ಟೆಯ ಮೇಲೆ, ನಿಧಾನಕ್ಕೆ ಒಂದು ಸುತ್ತು ಬಂದೆ.

ಮೂರು ಗರ್ಭಗುಡಿ, ಮೂರು ಗೋಪುರ. ಒಂದೊಂದರ ತಳವೂ 16 ಮೂಲೆಯ ನಕ್ಷತ್ರ. ಹಜಾರಕ್ಕೆ ಅಂಟಿದ ಕಡೆ ಕೆಲವು ಮೂಲೆಗಳು ಒಳಗೆ ಸೇರಿಹೋಗಿವೆ, ಉಳಿದವು ಹೊರಗೆ. ನಿಂತಿರುವ ಜಗತಿಯ ಅಂಚು ಕೂಡ ದೇವಸ್ಥಾನದ ಜೊತೆಜೊತೆಗೇ ಒಳಗೆ ಹೊರಗೆ ಮಡಚುತ್ತದೆ. ಹಾಗಾಗಿ ನಡೆಯುವ ನಮ್ಮ ಕಾಲೂ ಆ ನಕ್ಷತ್ರವನ್ನೇ ಬರೆಯುತ್ತಾ ಹೋಗುತ್ತದೆ. ಮನೆಗೆ ಬಂದು ಕಾಗದದಲ್ಲಿ ಮಾಡಿ ನೋಡಿದೆ. ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ, ನಡುವಿಗೆ ಒಂದು ಗುಂಡುಸೂಜಿ ಚುಚ್ಚಿ, ಒಂದೊಂದನ್ನೂ 22.5 ಡಿಗ್ರಿ ತಿರುಗಿಸಬೇಕು. ಕೋನಮಾಪಕವೇ ಬೇಡ. ಕಾಗದದ ಮೂಲೆಯನ್ನು ಒಮ್ಮೆ ಮಡಚಿ, ಇನ್ನೊಮ್ಮೆ ಮಡಚಿದರೆ ಆ ಕೋನ ಸಿಕ್ಕಿಬಿಡುತ್ತದೆ. ನಾಲ್ಕು ಚೌಕ, ನಾಲ್ಕು ನಾಲ್ಕು ಮೂಲೆ, ಹದಿನಾರು. ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ, ಕಲ್ಯಾಣದ ಚಾಲುಕ್ಯರ ಕಾಲದ್ದು, ಅದರದ್ದು 24 ಮೂಲೆ. ಅಲ್ಲಿಗೆ ಆರು ಚೌಕ ಬೇಕು, ಒಂದೊಂದು 15 ಡಿಗ್ರಿ. ಇದನ್ನು ಮಾಡುವಾಗ ನನ್ನ ಕೈ ನಡುಗುತ್ತಿತ್ತು ಅಂದರೆ ನಂಬಿ. ಅಷ್ಟು ದೊಡ್ಡ ಕಟ್ಟಡದ ಬೀಜ ನನ್ನ ಅಡುಗೆಮನೆಯ ಮೇಜಿನ ಮೇಲೆ ಒಂದು ಸೂಜಿಗೆ ತಿರುಗುತ್ತಿತ್ತು.

ಆದರೂ ಅದು ಡಿಸೈನ್ ಆಗಲಿಲ್ಲ. ನಕ್ಷತ್ರವನ್ನು ಹಾಗೇ ಬಟ್ಟೆ ಮೇಲೆ ಹಾಕಿದರೆ ಎಲ್ಲ ಕಡೆ ಸಿಗುವ ನಕ್ಷತ್ರ ಅಷ್ಟೇ. ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಿತ್ತು.

ಅದು ಸಿಕ್ಕಿದ್ದು ಗೋಕುಲಾಷ್ಟಮಿಯ ಹಿಂದಿನ ದಿನ. ಅಮ್ಮ ಚಕ್ಕುಲಿ ಒರಳಿಗೆ ಬಿಲ್ಲೆ ಹಾಕಿಕೊಡು ಅಂದಳು. ಹಿತ್ತಾಳೆ ಒರಳು, ಡಬ್ಬಿಯಲ್ಲಿ ಅದರ ಬಿಲ್ಲೆಗಳು. ಸಣ್ಣ ತೂತಿನದು ಓಂಪುಡಿಗೆ, ಪಟ್ಟಿಯಂಥ ಸೀಳಿನದು ರಿಬ್ಬನ್ ಪಕೋಡಕ್ಕೆ, ನಕ್ಷತ್ರದ್ದು ಚಕ್ಕುಲಿಗೆ. ನಕ್ಷತ್ರದ ಬಿಲ್ಲೆ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಇಷ್ಟು ವರ್ಷ ಚಕ್ಕುಲಿ ತಿಂದಿದ್ದೇನೆ, ಚಕ್ಕುಲಿ ಅಂದರೆ ಸುರುಳಿ ಅಂತಲೇ ಮನಸ್ಸಿನಲ್ಲಿ. ಆದರೆ ಅದು ನಕ್ಷತ್ರ, ಒತ್ತಿದಾಗ ಉದ್ದಕ್ಕೆ ಬೆಳೆಯುವ ನಕ್ಷತ್ರ. ಬಿಲ್ಲೆಯ ಒಂದೊಂದು ಮೂಲೆಯೂ ಹಿಟ್ಟಿನ ಮೇಲೆ ಒಂದೊಂದು ಏಣಾಗುತ್ತದೆ, ಎರಡು ಏಣಿನ ನಡುವೆ ಒಂದು ಕಾಲುವೆ. ಎಣ್ಣೆಯಲ್ಲಿ ಏಣು ಮೊದಲು ಕೆಂಪಗಾಗುತ್ತದೆ, ಕಾಲುವೆ ತಡವಾಗಿ.

ಸೋಮನಾಥಪುರದ ಗೋಡೆಯೂ ಅದೇ ಅಲ್ವಾ! ನೆಲದ ನಕ್ಷತ್ರ ನೇರ ಮೇಲಕ್ಕೆ ಎದ್ದು ಏಣು ಮತ್ತು ಕಾಲುವೆ ಆಗಿದೆ. ತಳದ ಆನೆಸಾಲು, ಕುದುರೆಸಾಲು, ಬಳ್ಳಿಸಾಲು ಎಲ್ಲವೂ ಆ ಏಣು ಕಾಲುವೆಗಳಲ್ಲಿ ಮಡಚಿಕೊಳ್ಳುತ್ತಾ ಸಾಗುತ್ತವೆ. ಬೆಳಗಿನ ಬಿಸಿಲು ಒಂದು ಮುಖಕ್ಕೆ ಬಿದ್ದರೆ ಪಕ್ಕದ ಮುಖ ನೆರಳು. ನಾನು ಗೆರೆ ಎಳೆದು ತಂದಿದ್ದ ಬಳ್ಳಿ ಸತ್ತಂತೆ ಕಂಡಿದ್ದು ಇದಕ್ಕೇ. ಅದು ಮಡಚುತ್ತಾ ಹೋಗುವ ಬಳ್ಳಿ, ಅರ್ಧ ಬಿಸಿಲಲ್ಲಿ ಅರ್ಧ ನೆರಳಲ್ಲಿ ಇರುವ ಬಳ್ಳಿ. ನಾನು ಅದನ್ನು ಚಪ್ಪಟೆ ಮಾಡಿ ತಂದಿದ್ದೆ.

ಆ ರಾತ್ರಿಯೇ ಬರೆದೆ. ನಕ್ಷತ್ರ ಇಲ್ಲ, ಹೂವಿಲ್ಲ. ಬರೀ ನಿಂತ ಪಟ್ಟಿಗಳು, ಒಂದು ತುಂಬಿದ್ದು, ಒಂದು ಖಾಲಿ. ನಕ್ಷತ್ರವನ್ನು ಎದುರಿನಿಂದ ನೋಡಿದರೆ ನಡುವಿನ ಮುಖಗಳು ಅಗಲ ಕಾಣುತ್ತವೆ, ಅಂಚಿಗೆ ಹೋದಂತೆ ಕಿರಿದಾಗುತ್ತವೆ. ಆ ಅಳತೆಯನ್ನೇ ಇಟ್ಟೆ. ಅಡ್ಡಕ್ಕೆ ಒಂದು ಸರಳ ಅಲೆಗೆರೆ, ಪ್ರತಿ ಪಟ್ಟಿಯಲ್ಲೂ ಮಡಚಿಕೊಂಡು ಹೋಗುವಂತೆ. ಅಚ್ಚು ಕೆತ್ತುವವರು ಅದನ್ನು ನೋಡಿ ಮೊದಲು ತಲೆಯಾಡಿಸಿದರು. ಆರಿಂಚಿನ ಅಚ್ಚಿನಲ್ಲಿ ಅಂಚಿನ ಸಂದುಗಳನ್ನು ನಾನು ಕೂದಲೆಳೆಯಷ್ಟು ಬಿಟ್ಟಿದ್ದೆ. "ಇಷ್ಟು ಸಣ್ಣ ಸಂದಿದ್ರೆ ಬಣ್ಣ ತುಂಬ್ಕೊಂಡ್ಬಿಡತ್ತೆ, ನಾಲ್ಕು ಸಲ ಒತ್ತೋದ್ರೊಳಗೆ ಎಲ್ಲಾ ಒಂದೇ ಮುದ್ದೆ" ಅಂದರು. ಅವರು ಹೇಳಿದ ಹಾಗೆ ಕೊನೆಯ ಎರಡು ಪಟ್ಟಿ ತೆಗೆದು, ಸಂದನ್ನು 2 ಮಿ.ಮೀ.ಗೆ ಅಗಲಿಸಿದೆ. ತೆಗೆದದ್ದು ಒಳ್ಳೆಯದೇ ಆಯಿತು. ಅಚ್ಚಿನ ಪಕ್ಕ ಅಚ್ಚು ಒತ್ತಿದಾಗ ಅವುಗಳ ನಡುವೆ ಒಂದು ಆಳವಾದ ಕಾಲುವೆ ತಾನಾಗಿ ಬಂತು. ನಾನು ಬರೆದದ್ದಲ್ಲ ಅದು, ಕೆತ್ತುವವರ ಮಾತಿನಿಂದ ಬಂದದ್ದು. ಆ ಅಂಗಡಿಯವರು ಅದನ್ನು ತೆಗೆದುಕೊಂಡರು. ಬಟ್ಟೆಯನ್ನು ಬಿಚ್ಚಿ ನೋಡಿದವರಲ್ಲಿ ಒಬ್ಬರು, ಯಾವುದೋ ಗುಡಿಯ ಗೋಡೆ ಇದ್ದ ಹಾಗಿದೆ ಅಂದರಂತೆ. ಇನ್ನೇನು ಬೇಕು.

ಖಾಲಿ ಜಾಗದ ಬಗ್ಗೆಯೂ ಹೇಳಬೇಕು, ಅದು ಆ ಕೆತ್ತುವವರಿಂದಲೇ ಕಲಿತದ್ದು. ಅಚ್ಚಿನಲ್ಲಿ ಕೈ ಕೆಲಸ ಮಾಡುವುದು ಖಾಲಿ ಜಾಗದಲ್ಲಿ. ಉಳಿ ತೆಗೆದು ಹಾಕುವುದು ಅದನ್ನೇ ತಾನೇ. ಈಗ ನಾನು ವಾರಕ್ಕೆ ಒಂದು ದಿನ ವಸ್ತುವನ್ನು ಬಿಟ್ಟು ಸಂದನ್ನು ಮಾತ್ರ ಬರೆಯುತ್ತೇನೆ. ಇಡ್ಲಿ ತಟ್ಟೆಯ ಕುಳಿಗಳ ನಡುವೆ ಉಳಿಯುವ ಮೂರು ಮೂಲೆಯ ಜಾಗ, ಸ್ಟ್ಯಾಂಡಿಗೆ ಹಾಕಿದ ಸೈಕಲ್ಲಿನ ಕಡ್ಡಿಗಳ ನಡುವಿನ ಜಾಗ, ಹರಿದ ಬಾಳೆ ಎಲೆಯ ಸೀಳುಗಳಲ್ಲಿ ಕಾಣುವ ಆಕಾಶ. ಮೊದಲ ತಿಂಗಳು ಕಣ್ಣು ಒಪ್ಪುವುದಿಲ್ಲ, ಮತ್ತೆ ಮತ್ತೆ ವಸ್ತುವಿನ ಕಡೆಗೇ ಓಡುತ್ತದೆ. ಪೆನ್ಸಿಲ್ಲಿನಲ್ಲಿ ಸಂದನ್ನು ತುಂಬಿಸುತ್ತಾ ಹೋಗಿ, ಗೆರೆ ಎಳೆಯಬೇಡಿ, ಆಗ ಬೇಗ ಅಭ್ಯಾಸವಾಗುತ್ತದೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರ ಇದೆಯಲ್ಲ, ಅದನ್ನು ಹಾಗೇ ಎತ್ತಿ ಬಟ್ಟೆಗೆ ಹಾಕಿಕೊಡಿ ಅಂತ ಕೇಳುವವರು ಇದ್ದಾರೆ. ನಾನು ಮಾಡುವುದಿಲ್ಲ. ಚಿತ್ತಾರ ಬೇಕಿದ್ದರೆ ಬರೆಯುವವರು ಇದ್ದಾರೆ, ಅವರಿಂದಲೇ ಬರೆಸಿ, ಅವರಿಗೇ ದುಡ್ಡು ಕೊಡಿ. ನೋಟ್‌ಬುಕ್ಕಿನಲ್ಲಿ ಬರೆದು ಕಲಿಯುವುದು ಬೇರೆ, ಮಾರುವುದು ಬೇರೆ.

ಈಗ ಹಲಸಿನ ಕಾಲ. ದೇವರಾಜ ಮಾರುಕಟ್ಟೆ ಹತ್ತಿರ ಗಾಡಿಯವರು ಕುಯ್ದು ಮಾರುತ್ತಾರೆ. ಹೋದ ವಾರ ತೊಳೆ ಬಿಡಿಸಿದ ಮೇಲೆ ಒಂದು ದೊಡ್ಡ ಸಿಪ್ಪೆ ಕೇಳಿ ತಂದೆ. ಹಲಸು ಒಂದೇ ಹಣ್ಣಲ್ಲ, ಸಾವಿರಾರು ಹೂವು ಒಟ್ಟಿಗೆ ಸೇರಿ ಆದದ್ದು, ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಮುಳ್ಳುಗಳಿಗೆ ಬಣ್ಣ ಸವರಿ ಹಳೇ ಪಂಚೆ ಮೇಲೆ ಒತ್ತಿದರೆ ಚುಕ್ಕಿಗಳು ಬಿದ್ದವು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಲ್ಲಿ ಎಣಿಸಿ, "ಸಂದು ಚುಕ್ಕಿನೇ ಕಣೇ ಇದು, ಆದ್ರೆ ಇಲ್ಲೊಂದ್ ಕಡೆ ಐದು ಮೂಲೆ ಬರತ್ತೆ ನೋಡು" ಅಂದಳು. ಆ ಐದು ಮೂಲೆ ಎಲ್ಲಿಂದ ಬಂತು ಅಂತ ಇನ್ನೂ ನನಗೆ ಗೊತ್ತಾಗಿಲ್ಲ. ಪಂಚೆ ಗೋಡೆಗೆ ನೇತುಹಾಕಿದ್ದೇನೆ, ಪುಟ ಹಾಗೇ ಬಿಟ್ಟಿದ್ದೇನೆ, ನಾಳೆ ಇನ್ನೊಂದು ಸಿಪ್ಪೆ ತರಬೇಕು.