ಎತ್ತಿದ ಕಸ ಎಲ್ಲಿ ಸೇರಬೇಕು: ಮೈಸೂರು, ಮಂಡ್ಯದ ಬೆಟ್ಟ, ಕೆರೆ, ಹೊಳೆದಂಡೆಗಳ ಸ್ವಚ್ಛತೆಗೆ ಒಂದು ಕೈಪಿಡಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರು, ಪಾಂಡವಪುರದ ಕುಂತಿಬೆಟ್ಟಕ್ಕೆ ಚಾರಣ ಹೋಗುವವರು, ರಜಾದಿನಗಳಲ್ಲಿ ಬಲಮುರಿ, ಮುತ್ತತ್ತಿ, ಶಿವನಸಮುದ್ರದ ಕಡೆ ಹೊರಡುವವರು, ಹೀಗೆ ಅನೇಕರು ಈಗೀಗ ಜೊತೆಯಲ್ಲೊಂದು ಚೀಲ ಒಯ್ದು ದಾರಿಯ ಕಸವನ್ನು ಎತ್ತತೊಡಗಿದ್ದಾರೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಭಾನುವಾರ ಬೆಳಿಗ್ಗೆ ಶ್ರದ್ಧೆಯಿಂದ ತುಂಬಿಟ್ಟ ಚೀಲಗಳು ವಾರದ ನಡುವೆ ಅದೇ ರಸ್ತೆಯ ಬದಿಯಲ್ಲಿ, ದನ ಮತ್ತು ನಾಯಿಗಳು ಹರಿದುಹಾಕಿದ ಸ್ಥಿತಿಯಲ್ಲಿ ಬಿದ್ದಿರುವುದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಮೊದಲ ಬಾಟಲಿಯನ್ನು ಎತ್ತುವ ಮುನ್ನವೇ ಕೊನೆಯ ಚೀಲ ಎಲ್ಲಿಗೆ ಹೋಗಿ ಸೇರಬೇಕೆಂಬುದು ತೀರ್ಮಾನವಾಗಿರಬೇಕು. ಉಳಿದ ಸಿದ್ಧತೆಗಳೆಲ್ಲ ಆಮೇಲಿನವು.

ಮೈಸೂರು ನಗರದ ವ್ಯಾಪ್ತಿಯೊಳಗಾದರೆ ಮಹಾನಗರ ಪಾಲಿಕೆಯ ವಾರ್ಡ್ ಆರೋಗ್ಯ ನಿರೀಕ್ಷಕರನ್ನು ಎರಡು ಮೂರು ದಿನ ಮೊದಲೇ ಸಂಪರ್ಕಿಸಿ, ಎಷ್ಟು ಚೀಲ ಬರಬಹುದು, ಯಾವ ಗಂಟೆಗೆ ಗಾಡಿ ಬರುತ್ತದೆ, ಚೀಲಗಳನ್ನು ಎಲ್ಲಿ ಇಡಬೇಕು ಎಂಬ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಹಳ್ಳಿಗಳ ಕಡೆ ಈ ಮಾತನ್ನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರೊಡನೆ ಆಡಬೇಕಾಗುತ್ತದೆ. ಈಗ ಬಹಳಷ್ಟು ಪಂಚಾಯಿತಿಗಳಲ್ಲಿ ಒಣ ಕಸವನ್ನು ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ಗಾಡಿಗಳೂ ಅದನ್ನು ವಿಂಗಡಿಸುವ ‘ಸ್ವಚ್ಛ ಸಂಕೀರ್ಣ’ ಘಟಕಗಳೂ ಇವೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಸ್ವಸಹಾಯ ಸಂಘಗಳ ಮಹಿಳೆಯರು. ನೀವು ಕೆಸರು, ಅನ್ನ, ಗಾಜು, ಪ್ಲಾಸ್ಟಿಕ್ ಎಲ್ಲವನ್ನೂ ಒಂದೇ ಚೀಲದಲ್ಲಿ ತುರುಕಿ ಕೊಟ್ಟರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದವರು ಅವರೇ ಎಂಬುದು ನೆನಪಿನಲ್ಲಿರಲಿ. ಗಾಡಿಯ ವ್ಯವಸ್ಥೆ ಆಗದಿದ್ದರೆ, ನಿಮ್ಮ ವಾಹನದಲ್ಲಿ ಮನೆಗೆ ಒಯ್ದು ನಿಮ್ಮ ಬೀದಿಯ ಒಣ ಕಸದ ಗಾಡಿಗೆ ಕೊಡಬಹುದಾದಷ್ಟನ್ನು ಮಾತ್ರ ಎತ್ತಿ. ಎರಡು ಚೀಲ ಸರಿಯಾದ ಜಾಗ ಸೇರುವುದು ಇಪ್ಪತ್ತು ಚೀಲ ರಸ್ತೆಬದಿಯಲ್ಲಿ ಕೊಳೆಯುವುದಕ್ಕಿಂತ ಮೇಲು.

ಅನುಮತಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಚಾಮುಂಡಿ ಬೆಟ್ಟದ ಸುತ್ತಲಿನದು ಮೀಸಲು ಅರಣ್ಯ; ಮೆಟ್ಟಿಲು ಮತ್ತು ರಸ್ತೆಯನ್ನು ಬಿಟ್ಟು ಪೊದೆಗಳೊಳಗೆ ಇಳಿಯುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಲ್ಲಿ ಚಿರತೆಗಳಿವೆ ಎಂಬುದು ಮೈಸೂರಿಗರಿಗೆ ಹೊಸ ಸುದ್ದಿಯಲ್ಲ. 1940ರಿಂದ ಪಕ್ಷಿಧಾಮವಾಗಿದ್ದು 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆ ಪಡೆದ ರಂಗನತಿಟ್ಟಿನಲ್ಲಾಗಲಿ, ಕಾವೇರಿ ವನ್ಯಜೀವಿಧಾಮದೊಳಗಿರುವ ಮುತ್ತತ್ತಿಯಲ್ಲಾಗಲಿ ಇಲಾಖೆಗೆ ತಿಳಿಸದೆ ಗುಂಪು ಕಟ್ಟಿಕೊಂಡು ಕೆಲಸ ಆರಂಭಿಸಬಾರದು. ಕುಕ್ಕರಹಳ್ಳಿ ಕೆರೆಯ ಮಟ್ಟಿಗೆ ಕೇಳಬೇಕಾದದ್ದು ಮೈಸೂರು ವಿಶ್ವವಿದ್ಯಾನಿಲಯವನ್ನು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ದಪ್ಪ ರಬ್ಬರಿನ ಕೈಗವಸು, ಉದ್ದನೆಯ ಚಿಮುಟ ಅಥವಾ ತುದಿಗೆ ಕೊಕ್ಕೆ ಕಟ್ಟಿದ ಬಿದಿರುಕೋಲು, ಮುಂಗಾಲನ್ನು ಮುಚ್ಚುವ ಗಟ್ಟಿ ಬೂಟು, ಪೂರ್ಣ ತೋಳಿನ ಅಂಗಿ ಇದ್ದರೆ ಸಾಕು. ಹೊಸ ಪ್ಲಾಸ್ಟಿಕ್ ಚೀಲಗಳನ್ನು ಕೊಂಡು ತರುವ ಬದಲು ಮನೆಯಲ್ಲಿ ಉಳಿದ ಅಕ್ಕಿಚೀಲಗಳನ್ನು ಬಳಸಿ. ಅವು ಗಾಜು ತಾಗಿದರೂ ಸುಲಭವಾಗಿ ಹರಿಯುವುದಿಲ್ಲ ಮತ್ತು ತೊಳೆದು ಮತ್ತೆ ತರಬಹುದು. ಗಾಜಿಗೆಂದು ಒಂದು ಬಕೆಟ್ ಬೇರೆಯೇ ಇರಲಿ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷಗಳಾಗಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಎತ್ತುವ ಕ್ರಮದಲ್ಲಿ ಎಚ್ಚರ ಮುಖ್ಯ. ಬಹುದಿನಗಳಿಂದ ಬಿದ್ದಿರುವ ಚೀಲ, ರಟ್ಟು, ಬಟ್ಟೆಯ ಅಡಿಯಲ್ಲಿ ತಂಪು ಇರುವುದರಿಂದ ಚೇಳು, ಕೊಳಕುಮಂಡಲದಂತಹ ಹಾವು ಸೇರಿಕೊಂಡಿರಬಹುದು. ಮೊದಲು ಕೋಲಿನಿಂದ ನಿಮ್ಮ ಕಡೆಗೆ ಎಳೆದು ಮಗುಚಿ, ಆಮೇಲೆ ಎತ್ತಿ. ಸಿರಿಂಜು, ಸೂಜಿ ಕಂಡರೆ ಚಿಮುಟದಿಂದ ಹಿಡಿದು ಗಟ್ಟಿಯಾದ ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿದು, ಅದರ ಮೇಲೆ ಒಳಗೇನಿದೆಯೆಂದು ಬರೆದು ಪ್ರತ್ಯೇಕವಾಗಿ ಒಪ್ಪಿಸಬೇಕು. ಮಕ್ಕಳಿದ್ದರೆ ಅವರಿಗೆ ಗಾಜು ಮತ್ತು ಸೂಜಿಯ ಕೆಲಸ ಬೇಡ. ತುಂಬಿದ ಮೇಲೆ ಸ್ಥಳದಲ್ಲಿಯೇ ಬೆಂಕಿ ಹಚ್ಚುವ ಅಭ್ಯಾಸ ಕೆಲವರಲ್ಲಿದೆ; ಅದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಪಿವಿಸಿಯಂತಹ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್‌ನಂತಹ ವಿಷಗಳು ಹೊರಬರುತ್ತವೆ. ಅಲ್ಲದೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿ ನಿಂತ ಬೆಟ್ಟದ ಹುಲ್ಲಿಗೆ ಒಂದು ಕಿಡಿ ಸಾಕು.

ಹೊಳೆಯ ದಂಡೆಯ ಕೆಲಸ ಬೆಟ್ಟದ ಕೆಲಸದಂತಲ್ಲ. ಕಾವೇರಿಯಲ್ಲಿ ಮೊಸಳೆಗಳಿವೆ, ಸುಳಿಗಳಿವೆ, ಪಾಚಿಗಟ್ಟಿ ಜಾರುವ ಬಂಡೆಗಳಿವೆ. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಬಲಮುರಿ, ಎಡಮುರಿಯ ಕಟ್ಟೆಗಳಲ್ಲಿ ಮಟ್ಟ ಬಹು ಬೇಗ ಏರುತ್ತದೆ. ಆದ್ದರಿಂದ ಮುಳುಗಿದ ಅಥವಾ ನಡುನೀರಿನಲ್ಲಿ ತೇಲುವ ವಸ್ತುವಿಗಾಗಿ ನೀರಿಗೆ ಇಳಿಯಬೇಡಿ. ದಂಡೆಯಿಂದ ಕೊಕ್ಕೆಗೆ ಸಿಕ್ಕಷ್ಟು ಸಾಕು. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲಸ ಸುಲಭವಾಗುತ್ತದೆ ನಿಜ, ಆದರೆ ಅದೇ ದಿನಗಳಲ್ಲಿ ತೆರೆದ ಮರಳುದಿಬ್ಬ ಮತ್ತು ಬಂಡೆಗಳ ಮೇಲೆ ನದಿ ರೀವಗಳಂತಹ ಹಕ್ಕಿಗಳು ಗೂಡು ಕಟ್ಟದೆ ಬರಿ ನೆಲದಲ್ಲಿಯೇ ಮೊಟ್ಟೆ ಇಡುತ್ತವೆ. ಹಕ್ಕಿಗಳು ತಲೆಯ ಮೇಲೆ ಸುತ್ತುತ್ತ ಕೂಗತೊಡಗಿದರೆ ಬಂದ ದಾರಿಯಲ್ಲಿಯೇ ಹಿಂದಿರುಗಿ. ನದೀಮಧ್ಯದ ದಿಬ್ಬಗಳನ್ನು ಬಿಟ್ಟು ದಂಡೆಯ ಪ್ರವಾಸಿ ಜಾಗಗಳಿಗೆ ಮೀಸಲಾಗಿ, ಮುಂಗಾರಿನ ಮೊದಲ ದೊಡ್ಡ ಮಳೆ ಬರುವ ಮುಂಚೆ, ಅಂದರೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಕೆಲಸ ಮಾಡುವುದು ಹೆಚ್ಚು ಫಲಕಾರಿ. ದಂಡೆಯ ಮೇಲಿರುವುದೆಲ್ಲ ಮೊದಲ ಪ್ರವಾಹಕ್ಕೆ ನದಿಯ ಪಾಲಾಗುತ್ತದೆ.

ಯಾವ ಕಸ ಎಲ್ಲಿ ಸಿಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಹುಡುಕುವ ಕೆಲಸ ಹಗುರಾಗುತ್ತದೆ. ಕುಡಿಯುವ ನೀರಿನ ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ. ಮುಚ್ಚಳವಿಲ್ಲದ ಬಾಟಲಿಯೊಳಗೆ ನೀರು ತುಂಬಿದೊಡನೆ ಅದು ತಳ ಸೇರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಬೇರೆ ಬಗೆಯದು, ಹಗುರ. ಅದು ತೇಲಿಹೋಗಿ ಜೊಂಡಿನ ಬುಡದಲ್ಲಿ, ಬಂಡೆಯ ಸಂದಿನಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಎಲ್ಲಿ ಬಣ್ಣಬಣ್ಣದ ಮುಚ್ಚಳಗಳು ರಾಶಿಬಿದ್ದಿವೆಯೋ ಅದರ ಮೇಲ್ಗಡೆಯ ಮಡುವಿನಲ್ಲಿ ಬಾಟಲಿಗಳು ಕುಳಿತಿರುವ ಸಂಭವ ಹೆಚ್ಚು. ಸ್ನಾನಘಟ್ಟಗಳಲ್ಲಿ ಶಾಂಪೂ ಸಾಶೆಗಳು ಸಿಗುತ್ತವೆ. ಅವುಗಳಲ್ಲಿ ಇಡೀ ಪೊಟ್ಟಣಕ್ಕಿಂತ ಹೆಚ್ಚಾಗಿ ಕಣ್ಣಿಗೆ ತಪ್ಪುವುದು ಹಲ್ಲಿನಿಂದ ಕಚ್ಚಿ ಉಗುಳಿದ ಮುಮ್ಮೂಲೆಯ ತುಂಡು. ಉಗುರಿನಷ್ಟೇ ಇರುವ ಅದು ಮರಳಿನಲ್ಲಿ ಸೇರಿಕೊಂಡರೆ ಮತ್ತೆ ಯಾರ ಕೈಗೂ ಸಿಗದು. ಒಂದು ಘಟ್ಟದಲ್ಲಿ ಸ್ವಲ್ಪ ಹೊತ್ತು ಮಂಡಿಯೂರಿ ಕುಳಿತು ಇವನ್ನು ಮಾತ್ರ ಆಯ್ದರೂ ಅದು ವ್ಯರ್ಥ ಶ್ರಮವಲ್ಲ. ಮೀನುಗಾರರು ಬಿಟ್ಟ ನೈಲಾನ್ ದಾರ ಕಂಡರೆ ಅದಕ್ಕೆ ಮೊದಲ ಆದ್ಯತೆ ಕೊಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳ ಕಾಲಿಗೂ ರೆಕ್ಕೆಗೂ ಅದು ಸುತ್ತಿಕೊಂಡರೆ ಹಕ್ಕಿ ಕೊಂಬೆಗೆ ತೂಗಿ ಸಾಯುತ್ತದೆ. ದಾರವನ್ನು ಎಳೆದು ತುಂಡರಿಸದೆ ಸುತ್ತಿ ತೆಗೆದು, ಚೀಲಕ್ಕೆ ಹಾಕುವ ಮುನ್ನ ಚಿಕ್ಕಚಿಕ್ಕದಾಗಿ ಕತ್ತರಿಸಬೇಕು. ಸಿಕ್ಕಿಬಿದ್ದ ಹಕ್ಕಿ ಜೀವಂತವಿದ್ದರೆ ನೀವೇ ಬಿಡಿಸಲು ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಈ ಸೀಮೆಯ ಹೊಳೆದಂಡೆಗಳಲ್ಲಿ ಬೇರೆಲ್ಲಕ್ಕಿಂತ ಕಷ್ಟದ್ದು ಬಟ್ಟೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮ ಮೊದಲಾದ ಕಡೆ ಅಸ್ಥಿ ವಿಸರ್ಜನೆಗೆ, ಅಪರಕರ್ಮಗಳಿಗೆ ಬಂದವರು ಸ್ನಾನದ ಬಳಿಕ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ರೂಢಿಯಿದೆ. ಹಿಂದೆ ಅದು ಹತ್ತಿಯ ಪಂಚೆಯೋ ಸೀರೆಯೋ ಆಗಿದ್ದು ಕೊಳೆತು ಮಣ್ಣಾಗುತ್ತಿತ್ತು. ಈಗಿನ ಬಟ್ಟೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಅವು ಬಂಡೆಗೂ ಬೇರಿಗೂ ಸುತ್ತಿಕೊಂಡು, ಮೇಲೆ ಹೂಳು ಕೂತು ಗಟ್ಟಿಯಾಗುತ್ತವೆ ಮತ್ತು ಸ್ನಾನಕ್ಕೆ ಇಳಿದವರ ಕಾಲಿಗೆ ತೊಡಕುತ್ತವೆ. ಒದ್ದೆ ಸೀರೆಯನ್ನು ಒಮ್ಮೆಗೇ ಎಳೆಯಲು ಹೋದರೆ ಸೊಂಟ ಹಿಡಿಯುತ್ತದೆ; ಇಬ್ಬರು ಸೇರಿ ಕೊಕ್ಕೆಯಿಂದ ಒಂದೊಂದು ಮಡಿಕೆಯನ್ನು ಬಿಡಿಸುತ್ತ ದಂಡೆಗೆ ತಂದು, ಬಿಸಿಲ ಬಂಡೆಯ ಮೇಲೆ ಹರಡಿ, ನೀರು ಬಸಿದ ಮೇಲೆ ಚೀಲಕ್ಕೆ ತುಂಬಬೇಕು. ಒದ್ದೆಯಾಗಿಯೇ ತುಂಬಿದ ಬಟ್ಟೆಯನ್ನು ಯಾವ ಘಟಕವೂ ತೆಗೆದುಕೊಳ್ಳಲು ಇಷ್ಟಪಡುವುದಿಲ್ಲ.

ಎತ್ತುವುದಕ್ಕಿಂತ ಸೂಕ್ಷ್ಮವಾದದ್ದು ಇಲ್ಲಿ ಮಾತನಾಡುವುದು. ಕ್ರಿಯೆಗೆ ಬಂದವರು ಮನೆಯವರನ್ನು ಕಳೆದುಕೊಂಡವರು. ಅವರಿಗೆ ಆ ಹೊತ್ತಿನಲ್ಲಿ ನದಿ ಮಾಲಿನ್ಯದ ಪಾಠ ಹೇಳುವುದು ಸಲ್ಲದು, ಮೊಬೈಲಿನಲ್ಲಿ ಅವರ ಚಿತ್ರ ತೆಗೆಯುವುದಂತೂ ಅನ್ಯಾಯ. ಕ್ರಿಯೆ ಮಾಡಿಸುವ ಪುರೋಹಿತರೊಡನೆ ಬಿಡುವಿನ ವೇಳೆಯಲ್ಲಿ ಕುಳಿತು ಮಾತನಾಡಿ. ಬಟ್ಟೆಯನ್ನು ನೀರಿಗೆ ಬಿಡುವ ಬದಲು ದಂಡೆಯ ಬುಟ್ಟಿಯಲ್ಲಿ ಬಿಡಿ ಎಂದು ಅವರು ಹೇಳಿದರೆ ಜನ ಕೇಳುತ್ತಾರೆ, ನಾವು ಹೇಳಿದರೆ ಕೇಳುವುದಿಲ್ಲ. ಆ ಬುಟ್ಟಿಯನ್ನು ಇಡುವ ಮತ್ತು ದಿನವೂ ಖಾಲಿ ಮಾಡಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಯಿಂದ ಲಿಖಿತವಾಗಿ ಒಪ್ಪಿಸಿಕೊಳ್ಳಬೇಕು, ಏಕೆಂದರೆ ತುಂಬಿ ತುಳುಕುವ ಬುಟ್ಟಿ ಒಂದೇ ವಾರದಲ್ಲಿ ಎಲ್ಲರ ನಂಬಿಕೆಯನ್ನೂ ಕಳೆಯುತ್ತದೆ. ಅಶ್ವತ್ಥಕಟ್ಟೆಗಳ ಬಳಿ ತಂದಿಡುವ ಒಡೆದ ದೇವರ ಪಟಗಳಿಗೂ ಇದೇ ಗೌರವ ಬೇಕು. ಊರಿನ ಹಿರಿಯರನ್ನು ಕೇಳಿ, ಅವರ ಎದುರಿನಲ್ಲಿಯೇ ಗಾಜು, ಚೌಕಟ್ಟು, ಕಾಗದಗಳನ್ನು ಬೇರೆಬೇರೆ ಮಾಡಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಚಾಮುಂಡಿ ಬೆಟ್ಟದಲ್ಲಿ ಆಷಾಢ ಶುಕ್ರವಾರಗಳ ಮರುದಿನ ಕೆಲಸ ಬಹಳವಿರುತ್ತದೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಆದ ಸಾವಿರ ಮೆಟ್ಟಿಲುಗಳಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯವರ ಕೈಯಿಂದ ಜಾರುವುದು ಆ ಪುಡಿಗಳ ಖಾಲಿ ಪ್ಲಾಸ್ಟಿಕ್ ಪೊಟ್ಟಣಗಳು. ಮೆಟ್ಟಿಲ ಪಾದದಲ್ಲಿಯೇ ನಿಂತು, ಖಾಲಿ ಪೊಟ್ಟಣ ಹಾಕಿಕೊಳ್ಳಲು ಒಂದು ಕಾಗದದ ಚೀಲವನ್ನು ಹತ್ತುವವರ ಕೈಗಿತ್ತರೆ ಬಹುಪಾಲು ಜನ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಮನೆಯಿಂದಲೇ ಡಬ್ಬಿಯಲ್ಲಿ ಕುಂಕುಮ ತರುವಂತೆ ಮುಂದಿನ ವಾರಕ್ಕೆ ಹೇಳಿಯೂ ಕಳಿಸಬಹುದು. ಮೇಲಿನ ತೊಟ್ಟಿಗಳ ಪಕ್ಕ ಚೀಲ ಇಟ್ಟು ಬರುವುದು ಬೇಡ, ಕೋತಿಗಳು ಗಂಟೆಯೊಳಗೆ ಬಿಚ್ಚುತ್ತವೆ. ಕೆಳಗೇ ಇಳಿಸಿ ತನ್ನಿ.

ಪ್ರತಿ ಸಲವೂ ಏನೇನು ಸಿಕ್ಕಿತು ಎಂಬುದನ್ನು ಬರೆದಿಡಿ. ತೂಕಕ್ಕಿಂತ ಬಗೆ ಮುಖ್ಯ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳು ದೇಶದಾದ್ಯಂತ ನಿಷಿದ್ಧವಾಗಿವೆ. ನಿಮ್ಮ ಚೀಲದಲ್ಲಿ ಅವೇ ಹೆಚ್ಚಿದ್ದರೆ ಹತ್ತಿರದ ಯಾವುದೋ ಅಂಗಡಿಯಲ್ಲಿ ಅವು ಮಾರಾಟವಾಗುತ್ತಿವೆ ಎಂದರ್ಥ, ಅದನ್ನು ತಡೆಯುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ. ನೀರಿನ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣಗಳು ಆ ನಿಷೇಧದೊಳಗೆ ಬರುವುದಿಲ್ಲ. ಅವುಗಳಿಗೆ ತೊಟ್ಟಿ, ಗಾಡಿ, ಕುಡಿಯುವ ನೀರಿನ ನಲ್ಲಿಯ ಬೇಡಿಕೆ ಇಡಬೇಕಾಗುತ್ತದೆ. ಬರೀ ‘ಬಹಳ ಕಸವಿದೆ’ ಎಂಬ ದೂರಿಗೆ ಸಿಗದ ಉತ್ತರ, ಬಗೆ ಮತ್ತು ಜಾಗವನ್ನು ಹೆಸರಿಸಿದ ದೂರಿಗೆ ಸಿಗುತ್ತದೆ.

ಕೈಯಿಂದ ಎತ್ತಲಾಗದ ಮಾಲಿನ್ಯವೂ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ನಮ್ಮ ಕೆರೆಗಳಿಗೆ ಅದೇ ದೊಡ್ಡ ಅಪಾಯ. ಮಳೆನೀರಿಗೆಂದು ಮಾಡಿದ ಕಾಲುವೆ ವಾರಗಟ್ಟಲೆ ಮಳೆಯಿಲ್ಲದ ದಿನಗಳಲ್ಲಿಯೂ ಹರಿಯುತ್ತಿದ್ದರೆ ಅದರಲ್ಲಿ ಒಳಚರಂಡಿಯ ನೀರು ಸೇರಿದೆಯೆಂದು ಬಲವಾಗಿ ಶಂಕಿಸಬಹುದು. ಕೊಳಚೆಯ ಸಾರಜನಕ, ರಂಜಕಗಳಿಂದ ಪಾಚಿ ಮತ್ತು ಅಂತರಗಂಗೆ ಹಬ್ಬುತ್ತವೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗಿನ ಜಾವಕ್ಕೆ ತೀರ ಇಳಿಯುತ್ತದೆ. ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುವುದು, ಸತ್ತು ತೇಲುವುದು ಇದರಿಂದಲೇ. ಅಂತರಗಂಗೆಯನ್ನು ಎಳೆದುಹಾಕುವ ಶ್ರಮದಾನ ಒಳ್ಳೆಯದೇ, ಆದರೆ ಕೊಳಚೆ ನಿಲ್ಲದಿದ್ದರೆ ಅದು ಕೆಲವೇ ವಾರಗಳಲ್ಲಿ ಮತ್ತೆ ಹರಡುತ್ತದೆ.

ಮುಂಜಾನೆ ನಡೆಯಲು ಹೋಗುವವರು ಇಲ್ಲಿ ಮಾಡಬಹುದಾದ ಕೆಲಸ ಬೇರೆ ಯಾರಿಂದಲೂ ಆಗದು, ಏಕೆಂದರೆ ಅವರು ದಿನವೂ ಅದೇ ಜಾಗದಲ್ಲಿರುತ್ತಾರೆ. ಕೊಳಚೆ ಸೇರುವ ಬಾಯಿಯ ಚಿತ್ರವನ್ನು ಸ್ಥಳದ ಗುರುತು, ದಿನ, ಗಂಟೆಯೊಡನೆ ತೆಗೆಯಿರಿ. ನೀರಿನ ಬಣ್ಣ, ವಾಸನೆ, ನೊರೆ, ಹಿಂದಿನ ಮಳೆ ಯಾವಾಗ ಬಂತು ಎಂಬುದನ್ನು ಬರೆಯಿರಿ. ಹಲವು ದಿನ ಒಂದೇ ಜಾಗದಿಂದ ಹೀಗೆ ಮಾಡಿ. ಅದನ್ನು ಸೇರಿಸಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ಪಾಲಿಕೆಗೋ ಪಂಚಾಯಿತಿಗೋ ಸಲ್ಲಿಸಿ. ಜಲಮಾಲಿನ್ಯವನ್ನು ತಡೆಯಲು 1974ರ ಕಾಯ್ದೆ ಮಂಡಳಿಗೆ ಅಧಿಕಾರ ಕೊಟ್ಟಿದೆ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿ ದಾಖಲಿಸಿದರೆ ದೂರಿನ ಸಂಖ್ಯೆ ಸಿಗುತ್ತದೆ. ಕಚೇರಿಯಲ್ಲಿ ದೂರು ಕೊಡುವಾಗ ನಿಮ್ಮ ಪ್ರತಿಯ ಮೇಲೆ ದಿನಾಂಕದೊಡನೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ. ತಿಂಗಳಾದರೂ ಕ್ರಮವಾಗದಿದ್ದರೆ, ಆ ಮೊಹರಿನ ದಿನಾಂಕವನ್ನು ಉಲ್ಲೇಖಿಸಿ, ಸ್ಥಳ ಪರಿಶೀಲನೆಯ ವರದಿ ಮತ್ತು ನೀರಿನ ಮಾದರಿಯ ಫಲಿತಾಂಶದ ನಕಲನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.