ಎದೆಯಲ್ಲಿ ಡಬ್ಬಿ, ಸೊಂಟದಲ್ಲಿ ಆಯಸ್ಕಾಂತ

ಉಡುಪಿ ರಥಬೀದಿಯಿಂದ ಸ್ವಲ್ಪ ಒಳಗೆ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಮಗಳಿಗೆ ಫಿಟ್ಸ್ ಬಂದಾಗಲೆಲ್ಲ ಯಾರಾದರೊಬ್ಬರು ಓಡಿ ಬಂದು ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕುತ್ತಿದ್ದರು. ಕಬ್ಬಿಣಕ್ಕೆ ಫಿಟ್ಸ್ ನಿಲ್ಲುವುದಿಲ್ಲ ಮಾರಾಯ್ರೆ. ಈಗ ಅದೇ ಜನ "ಆಯಸ್ಕಾಂತ ಎಲ್ಲಿ?" ಅಂತ ಕೇಳುತ್ತಾರೆ, ಅದಕ್ಕೆ ಅರ್ಥ ಉಂಟು. ಮಗಳಿಗೆ ವೇಗಸ್ ನರದ ಸ್ಟಿಮ್ಯುಲೇಟರ್ ಹಾಕಿಸಿದ್ದೇವೆ, ಅಂದರೆ ಎದೆಯಲ್ಲಿಟ್ಟ ಡಬ್ಬಿಯೊಂದು ಕುತ್ತಿಗೆಯ ಆ ನರಕ್ಕೆ ಆಗಾಗ ಸಣ್ಣ ಕರೆಂಟ್ ಕೊಟ್ಟು ಫಿಟ್ಸ್ ಕಡಿಮೆ ಮಾಡುತ್ತದೆ. ಮೊನ್ನೆ ಒಬ್ಬರು ಗಿರಾಕಿ ತಮ್ಮ ಮಗನಿಗೂ ಅದನ್ನು ಹಾಕಿಸಬಹುದೇ ಎಂದು ವಿಚಾರಿಸಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸರಿಯಾದ ಎರಡು ಮಾತ್ರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ನ್ಯೂರಾಲಜಿಸ್ಟ್ ಹತ್ತಿರ ಈ ಮಾತು ತೆಗೆಯಿರಿ. ಆದರೆ ಮೊದಲು ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ), ಎಂಆರ್‌ಐ ಸ್ಕ್ಯಾನ್ ಆಗಲಿ. ಮೆದುಳಿನ ಒಂದೇ ಜಾಗದಿಂದ ಫಿಟ್ಸ್ ಹುಟ್ಟುತ್ತಿದ್ದು ಅದನ್ನು ತೆಗೆಯಲು ಬರುವುದಾದರೆ ಆ ಆಪರೇಷನ್ ಬಗ್ಗೆಯೇ ಮೊದಲು ಕೇಳಿ, ಪೂರ್ತಿ ಗುಣದ ಆಸೆ ಅಲ್ಲಿ ಹೆಚ್ಚು. ಸ್ಟಿಮ್ಯುಲೇಟರ್ ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಲಕ್ರಮೇಣ ಫಿಟ್ಸ್ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಮಾತ್ರೆ ಬಿಡುವ ಹಾಗಿಲ್ಲ.

ಇದರಲ್ಲಿ ತಲೆ ತೆರೆಯುವುದಿಲ್ಲ. ಕುತ್ತಿಗೆಯ ಎಡಬದಿಯಲ್ಲಿ ಒಂದು ಸಣ್ಣ ಗಾಯ, ಎಡ ಎದೆಯ ಮೇಲ್ಭಾಗದಲ್ಲಿ ಇನ್ನೊಂದು. ಎದೆಯ ಚರ್ಮದ ಅಡಿಯಲ್ಲಿ ಡಬ್ಬಿ, ಅದರಿಂದ ಹೊರಟ ತಂತಿ ನರಕ್ಕೆ ಬಳ್ಳಿಯ ಹಾಗೆ ಸುತ್ತಿರುತ್ತದೆ. ಎಡಕ್ಕೇ ಯಾಕೆಂದರೆ, ಹೃದಯದ ಬಡಿತದ ಮೇಲೆ ಬಲಗಡೆಯ ನರದ ಹಿಡಿತ ಹೆಚ್ಚು. ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದ ಚಿಕಿತ್ಸೆ ಇದು.

ಆಪರೇಷನ್‌ಗೆ ಮೊದಲು, ತಲೆಯ ಮೇಲಿಂದ ಎಳೆಯಬೇಕಾಗದ, ಮುಂದೆ ಬಟನ್ ಇರುವ ನಾಲ್ಕು ಅಂಗಿ ತಯಾರಿಡಿ. ಒಳಉಡುಪಿನ ಪಟ್ಟಿ, ಶಾಲೆ ಬ್ಯಾಗಿನ ಪಟ್ಟಿ ಎಲ್ಲಿ ಉಜ್ಜುತ್ತದೆಂದು ಸರ್ಜನ್‌ಗೆ ತೋರಿಸಿ. ನಾನು ಮಗಳ ಹೆಗಲ ಮೇಲೆ ಟೇಪು ಹಿಡಿದು ತೋರಿಸಿದೆ, ಅವರು ನಕ್ಕರೂ ಗುರುತು ಹಾಕಿಕೊಂಡರು.

ಡಬ್ಬಿಯನ್ನು ಚಾಲೂ ಮಾಡುವುದು ಸಾಮಾನ್ಯವಾಗಿ ಎರಡು ವಾರ ಕಳೆದ ಮೇಲೆ. 0.25 ಮಿಲಿ ಆಂಪಿಯರ್‌ನಿಂದ ಶುರು, ಆಮೇಲೆ ಭೇಟಿ ಭೇಟಿಗೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಹೆಚ್ಚಾಗಿ 30 ಸೆಕೆಂಡು ಕೆಲಸ, 5 ನಿಮಿಷ ಬಿಡುವು. ಕೆಲಸದ ಹೊತ್ತಿಗೆ ಸ್ವರ ಒಡೆಯುತ್ತದೆ, ಕೆಮ್ಮು ಬರುತ್ತದೆ. ಸಂಜೆ ದೀಪ ಹಚ್ಚಿ ಭಜನೆಗೆ ಕೂತರೆ ಮಗಳ ಸ್ವರ ಸಾಲಿನ ನಡುವೆ ಗರಗರ ಆಗಿ, ಮುಂದಿನ ಸಾಲಿಗೆ ಪುನಃ ತಿಳಿಯಾಗುತ್ತದೆ. ತಾಳ ಮಾತ್ರ ತಪ್ಪಿಸುವುದಿಲ್ಲ ಹುಡುಗಿ.

ಇನ್ನು ಆಯಸ್ಕಾಂತ. ಫಿಟ್ಸ್ ಬರುವ ಸೂಚನೆ ಸಿಕ್ಕಿದ ಕೂಡಲೇ, ಇಲ್ಲವೇ ಬಂದ ಮೇಲೆ, ಅದನ್ನು ಡಬ್ಬಿಯ ಮೇಲೆ ಸುಮಾರು ಒಂದು ಸೆಕೆಂಡು ಸವರಿ ತೆಗೆಯಿರಿ. ಡಬ್ಬಿ ಹೆಚ್ಚುವರಿಯಾಗಿ ಒಂದು ಸಲ ಕೆಲಸ ಮಾಡುತ್ತದೆ. ಅಲ್ಲೇ ಒತ್ತಿ ಹಿಡಿದರೆ ಉಲ್ಟಾ, ತೆಗೆಯುವವರೆಗೆ ಅದು ಬಂದ್. ಗಾಬರಿಯಲ್ಲಿ ನಮ್ಮ ಯಜಮಾನರು ಮಾಡಿದ್ದು ಇದನ್ನೇ. ಹಾಗಾಗಿ ಮೊದಲೇ ಮನೆಯವರೆಲ್ಲ ಕೈ ರೂಢಿ ಮಾಡಿಕೊಳ್ಳಿ, ಕ್ಲಾಸ್ ಟೀಚರಿಗೂ ತೋರಿಸಿ. ಸವರಿದ ಮೇಲೂ ಬಾಕಿ ಎಲ್ಲ ಮೊದಲಿನ ಹಾಗೆಯೇ: ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ನಾನು ಆಯಸ್ಕಾಂತಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದು ಅವಳ ಸೊಂಟಕ್ಕೆ ಕಟ್ಟಿದ್ದೇನೆ. ಒಂದು ದಿನ ಮರೆತು ಕಟಿಂಗ್ ಟೇಬಲ್ ಮೇಲೆ ಇಟ್ಟೆ. ಗುಂಡುಸೂಜಿಗಳೆಲ್ಲ ಮುಳ್ಳುಹಂದಿಯ ಹಾಗೆ ಎದ್ದು ಚೀಲಕ್ಕೆ ಅಂಟಿಕೊಂಡವು. ಎಟಿಎಂ ಕಾರ್ಡಿನಿಂದಲೂ ದೂರ ಇಡಿ.

ಹಲ್ಲು, ಭುಜನೋವು, ಏನೇ ಇರಲಿ, ಯಾವ ಡಾಕ್ಟರ ಹತ್ತಿರ ಹೋದರೂ ಡಬ್ಬಿಯ ಗುರುತಿನ ಕಾರ್ಡನ್ನು ಮೊದಲು ತೋರಿಸಿ. ಫಿಸಿಯೋಥೆರಪಿಯಲ್ಲಿ ಯಂತ್ರದ ಅಲೆಗಳಿಂದ ಮೈಯೊಳಗೆ ಬಿಸಿ ಹುಟ್ಟಿಸುವ ಡಯಾಥರ್ಮಿ ಶಾಖ ಇವರಿಗೆ ಖಂಡಿತ ಕೂಡದು. ಎಂಆರ್‌ಐಗೆ ಡಬ್ಬಿಯ ಮಾಡೆಲ್ ನೋಡಿ ಅದರ ನಿಯಮದ ಪ್ರಕಾರವೇ ಹೋಗಬೇಕು.

ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಆಯಸ್ಕಾಂತ ಸವರಿದ್ದೋ ಇಲ್ಲವೋ, ಎಲ್ಲ ನನ್ನ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಉಂಟು. ಡಾಕ್ಟರು ಏರಿಸುವುದು ಇಳಿಸುವುದು ಅದನ್ನು ನೋಡಿಯೇ. ಕೆಲವು ವರ್ಷಕ್ಕೆ ಬ್ಯಾಟರಿ ಮುಗಿದಾಗ ಎದೆಯ ಡಬ್ಬಿಯನ್ನು ಮಾತ್ರ ಬದಲಿಸುತ್ತಾರಂತೆ. ಆ ಸಲದ ಅಂಗಿಗಳನ್ನು ಈಗಲೇ ಕತ್ತರಿಸಿಟ್ಟು ಪ್ರಯೋಜನವಿಲ್ಲ, ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ.