ಹಳೇ ಫೋರ್ಡ್‌ಗೆ ಐದು ಗೇರ್: ಟಾರ್ಕ್ ಟ್ಯೂಬ್ ತೆಗೆದ ಕಥೆ

ನನ್ನದು 1946ರ ಫೋರ್ಡ್, ಫ್ಲಾಟ್‌ಹೆಡ್ ವಿ8 (ವಾಲ್ವ್‌ಗಳು ಬ್ಲಾಕಿನಲ್ಲೇ ಇರುವ ಎಂಟು ಸಿಲಿಂಡರ್ ಇಂಜಿನ್). ಇಂಜಿನ್ ಮುಟ್ಟುವ ಮಾತೇ ಇರಲಿಲ್ಲ, ಆ ಸದ್ದಿಗೋಸ್ಕರ ತಾನೇ ಇಂಥ ಗಾಡಿ ಇಟ್ಟುಕೊಳ್ಳುವುದು. ಆದರೆ ಇರುವುದು ಮೂರೇ ಗೇರ್, ಹೈವೇಯಲ್ಲಿ ಇಂಜಿನ್ ಸುಮ್ನೆ ಅರಚಿಕೊಳ್ಳುತ್ತದೆ. ಅದಕ್ಕೆ ಬೋರ್ಗ್ ವಾರ್ನರ್ ಕಂಪನಿಯ ಐದು ಗೇರಿನ ಟಿ-5 ಗೇರ್ ಬಾಕ್ಸ್ ಹಾಕಿದೆ.

ಗೇರ್ ಬಾಕ್ಸ್ ಕೂರಿಸುವುದೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕಷ್ಟ ಇರುವುದು ಅದರ ಹಿಂದೆ. 1948ರವರೆಗಿನ ಫೋರ್ಡ್ ಕಾರುಗಳಲ್ಲಿ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಶಾಫ್ಟ್ ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತದೆ, ಅದೇ ಟಾರ್ಕ್ ಟ್ಯೂಬ್. ಹಿಂದಿನ ಚಕ್ರಗಳು ಗಾಡಿಯನ್ನು ನೂಕುವಾಗ ಆ ಒತ್ತಡವೆಲ್ಲ ಈ ಕೊಳವೆ ಹಿಡಿದು ಗೇರ್ ಬಾಕ್ಸಿಗೆ, ಅಲ್ಲಿಂದ ಅದನ್ನು ಚಾಸಿಗೆ ಹಿಡಿದಿಡುವ ಮೌಂಟಿಗೆ ಬರುತ್ತದೆ. ಅಡ್ಡಕ್ಕಿರುವ ಒಂದೇ ಲೀಫ್ ಸ್ಪ್ರಿಂಗ್ ಭಾರ ಹೊರುತ್ತದೆ, ಅಷ್ಟೇ. ಟಿ-5ಗೆ ಈ ಟ್ಯೂಬ್ ನೇರವಾಗಿ ಹೊಂದುವುದಿಲ್ಲ. ಟ್ಯೂಬ್ ತೆಗೆದರೆ ಆಕ್ಸಲನ್ನು ಹಿಡಿಯುವವರೇ ಇಲ್ಲ, ಅಲ್ವಾ? ಹಾಗಾಗಿ ಹೊಸ ಆಕ್ಸಲ್, ಜೊತೆಗೆ ಚಾಸಿಯ ಉದ್ದಕ್ಕೆ ಎರಡು ಲೀಫ್ ಸ್ಪ್ರಿಂಗ್ ಹಾಕಿದೆ. ಈಗ ನೂಕನ್ನೂ ತಿರುಚನ್ನೂ ಅವೇ ತಡೆಯುತ್ತವೆ.

ಇಂಜಿನ್‌ಗೂ ಗೇರ್ ಬಾಕ್ಸಿಗೂ ನಡುವೆ ರೆಡಿಮೇಡ್ ಅಡಾಪ್ಟರ್ ಸಿಗುತ್ತದೆ. ಬೋಲ್ಟ್ ಬಿಗಿದು ಮುಂದಕ್ಕೆ ಹೋಗಬೇಡಿ. ಇಂಜಿನ್ ಹಿಂದೆ ತಿರುಗುವ ಫ್ಲೈವೀಲ್‌ಗೆ ಡಯಲ್ ಗೇಜ್ (ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಕಚ್ಚಿಸಿ, ಅದರ ಮೊನೆಯನ್ನು ಗೇರ್ ಬಾಕ್ಸ್ ಕೂರುವ ರಂಧ್ರದ ಒಳ ಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಲ್ಲೇ ನಿಧಾನ ಒಂದು ಸುತ್ತು ತಿರುಗಿಸಿ. ಕ್ರ್ಯಾಂಕ್, ರಂಧ್ರ ಎರಡರ ಮಧ್ಯರೇಖೆ 0.005 ಇಂಚಿಗಿಂತ ಜಾಸ್ತಿ ಆಚೀಚೆ ಇರಬಾರದು. ಗೇಜಿನ ಮುಳ್ಳು ತೋರಿಸುವುದು ಅದರ ಎರಡರಷ್ಟು, ಅಂದರೆ 0.010. ಜಾಸ್ತಿ ಬಂದರೆ ಆಫ್‌ಸೆಟ್ ಡೋವೆಲ್ ಪಿನ್ (ಮಧ್ಯ ತುಸು ಸರಿದಿರುವ ಜೋಡಣೆ ಪಿನ್) ಹಾಕಿ ಸರಿಮಾಡಬೇಕು, ಇಲ್ಲದಿದ್ದರೆ ಕ್ರ್ಯಾಂಕಿನ ತುದಿಯಲ್ಲಿ ಗೇರ್ ಬಾಕ್ಸ್ ಶಾಫ್ಟನ್ನು ಹಿಡಿಯುವ ಪೈಲಟ್ ಬೇರಿಂಗ್ ಬೇಗ ಹೋಗುತ್ತದೆ. ಕ್ಲಚ್ ಪ್ಲೇಟ್ ಕೂಡ ಹೊಸ ಗೇರ್ ಬಾಕ್ಸ್ ಶಾಫ್ಟಿನ ಸ್ಪ್ಲೈನ್‌ಗೆ, ಅಂದರೆ ಅದರ ಉದ್ದುದ್ದ ಹಲ್ಲುಗಳಿಗೆ, ಹೊಂದುವಂಥದ್ದೇ ಬೇಕು.

ನಾನು ಅತಿ ಹೆಚ್ಚು ಹೊತ್ತು ಕೊಟ್ಟಿದ್ದು ಆಕ್ಸಲ್‌ಗೆ ಹೋಗುವ ಹೊಸ ತೆರೆದ ಶಾಫ್ಟಿನ ಕೋನಕ್ಕೆ. ಅದರ ಎರಡೂ ತುದಿಗೆ ಒಂದೊಂದು ಕ್ರಾಸ್, ಅಂದರೆ ಓರೆಯಲ್ಲೂ ತಿರುಗುವ ಕೀಲು, ಇದೆ. ಒಂದು ಕ್ರಾಸ್ ಓರೆಯಾಗಿ ತಿರುಗಿದರೆ ಅದರಾಚೆಯ ಶಾಫ್ಟ್ ಪ್ರತಿ ಸುತ್ತಿಗೆ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಓರೆಯಿದ್ದರೆ ಈ ಏರುಪೇರು ಅಲ್ಲಿಗೆ ಸರಿಹೋಗುತ್ತದೆ. ಗೇರ್ ಬಾಕ್ಸ್ 3 ಡಿಗ್ರಿ ಕೆಳಗೆ ಬಾಗಿತ್ತು, ಪಿನಿಯನ್ನನ್ನು (ಶಾಫ್ಟ್ ಸೇರುವ ಆಕ್ಸಲಿನ ಗೇರ್) 3 ಡಿಗ್ರಿ ಮೇಲಕ್ಕೆ ಇಟ್ಟೆ. ಗಾಡಿಯ ಭಾರ ಪೂರ್ತಿ ಚಕ್ರದ ಮೇಲಿರುವಾಗಲೇ ಅಳೆದು, ಆಕ್ಸಲ್ ಸ್ಪ್ರಿಂಗಿಗೆ ಕೂರುವ ಪ್ಯಾಡಿಗೆ ಮೊದಲು ಚುಕ್ಕೆ ವೆಲ್ಡಿಂಗ್, ಮತ್ತೆ ಅಳತೆ, ಆಮೇಲೆ ತಣಿಯಲು ಬಿಡುತ್ತಾ ಸ್ವಲ್ಪ ಸ್ವಲ್ಪವೇ ಪೂರ್ತಿ ವೆಲ್ಡಿಂಗ್. ಅವಸರ ಮಾಡಿದರೆ ಆಕ್ಸಲ್ ಕೊಳವೆ ಕಾವಿಗೆ ಬಾಗುತ್ತದೆ.

ಮೊದಲಿದ್ದ ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತು) 3.78. ಈಗ ಆಕ್ಸಲ್ 3.73, ಐದನೇ ಗೇರ್ 0.72, ಎರಡೂ ಸೇರಿ 2.69. ಟೈರ್ ಅದೇ ಅಳತೆಯದ್ದು, ಮೊದಲು ಇಂಜಿನ್ ನಿಮಿಷಕ್ಕೆ 3000 ಸುತ್ತು ಬೇಕಿದ್ದ ವೇಗಕ್ಕೆ ಈಗ 2100ರ ಆಸುಪಾಸು ಸಾಕು. ಏರಿನಲ್ಲಿ ನಾಲ್ಕಕ್ಕೆ ಇಳಿಸಲೇಬೇಕು, ಅದು ಬಿಡಿ. ಸ್ಪೀಡೋಮೀಟರ್ ಮಾತ್ರ ಇನ್ನೂ ಸ್ವಲ್ಪ ಜಾಸ್ತಿ ತೋರಿಸುತ್ತಿದೆ, ಕೇಬಲ್ ತುದಿಗೆ ಒಂದು ಹಲ್ಲು ಹೆಚ್ಚಿರುವ ಗೇರ್ ಹಾಕಬೇಕು.